ಕೋಡಿ ಹಳ್ಳದ ಸವಾರಿ

ನಮ್ಮೂರ ಕೆರೆ ಕೋಡಿ ಬಿದ್ದಿದೆ ಎಂದು ಅಕ್ಕ ಫೋನ್ ಮಾಡಿದಾಗ ನಾನು ಮಾಲೂರಿನ ನನ್ನ ಶಾಲೆಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದೆ. "ಲೇ, ನಾಳೆ ಭಾನುವಾರ. ಮೊದಲ್ನೇ ಬಸ್ಸಿಗೆ ಬಂದ್ಬಿಡು. ನಾನೂ ಸುಗಟೂರಿಂದ ಬರ್ತೀನಿ. ಮತ್ತೆ ಯಾವ ಜನ್ಮಕ್ಕೆ ತುಂಬುತ್ತೋ ಏನೋ!" ಎಂದಳು. ಖುಷಿಯಾಗಬೇಕಿತ್ತು. ಆದರೆ ನನಗೆ ಮೊದಲು ನೆನಪಾದದ್ದು ಅವಳ ಬಲಗೈಯ ಎರಡು ಸೊಟ್ಟ ಬೆರಳು.

ನಮ್ಮ ತವರು ಮುಳಬಾಗಿಲಿನ ಹತ್ತಿರದ ಹಳ್ಳಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಅಂಚು ಮುರಿದ ಬಿದಿರಿನ ತಟ್ಟೆಯೊಂದನ್ನು ಅಪ್ಪ ಮೂಲೆಗೆ ಎಸೆದಿದ್ದರು. ಅದನ್ನು ನಾವಿಬ್ಬರೂ ಹಳೆಯ ಲಾರಿ ಟ್ಯೂಬಿನ ಮೇಲೆ ಹಗ್ಗದಿಂದ ಬಿಗಿದೆವು. ತಲೆಗೊಂದು ತೆಂಗಿನ ಮಟ್ಟೆ, ಅದೇ ಹುಟ್ಟು. ಮುಂದೆ ನಾನು, ಹಿಂದೆ ಅಕ್ಕ. ನೀರಿದ್ದ ವರ್ಷಗಳಲ್ಲಿ ಪ್ರತಿ ಶುಕ್ರವಾರ ಪೂಜೆಗೆ ತಾವರೆ ತರುವ ನೆಪದಲ್ಲಿ ಕೆರೆಯನ್ನೆಲ್ಲ ಸುತ್ತುತ್ತಿದ್ದೆವು. ಹೂ ಕಂಡಲ್ಲಿ ಮಟ್ಟೆಯನ್ನು ಮಡಿಲಿಗೆ ಇಟ್ಟುಕೊಂಡರೆ ಮುಗಿಯಿತು, ನಮ್ಮ ತೆಪ್ಪ ಹೇಳಿದ ಮಾತು ಕೇಳುವ ಎತ್ತಿನಂತೆ ಅಲ್ಲೇ ನಿಲ್ಲುತ್ತಿತ್ತು. ಹುಟ್ಟು ಹಾಕಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ನೀರಿನ ಬಗ್ಗೆ ನಮಗೆ ಗೊತ್ತಿದ್ದದ್ದು ಅಷ್ಟೇ. ಹೊಳೆಯನ್ನು ಕಂಡ ಜನವೇ ಅಲ್ಲ ನಾವು.

ನನಗೆ ಹನ್ನೆರಡು, ಅವಳಿಗೆ ಹದಿನಾರು ಇದ್ದಾಗ ಕೆರೆ ಕೋಡಿ ಬಿತ್ತು. ಊರ ಹೆಂಗಸರೆಲ್ಲ ಗಂಗಮ್ಮನಿಗೆ ಬಾಗಿನ ಕೊಡಲು ಏರಿಯ ಆಚೆ ತುದಿಯಲ್ಲಿ ನೆರೆದಿದ್ದರು, ಕೋಡಿಯ ಕಡೆ ಯಾರೂ ಇರಲಿಲ್ಲ. ಕೋಡಿಯ ಕೆಳಗೆ ಬಂಡೆಗಳ ನಡುವೆ ಒಂದು ಹಳ್ಳ ಕಡಿದಾಗಿ ಇಳಿಯುತ್ತದೆ. ಎತ್ತಿನ ಗಾಡಿ ಹಿಡಿಸುವಷ್ಟು ಅಗಲವೂ ಇಲ್ಲ. ಕೊನೆಗೆ ಎರಡು ದೊಡ್ಡ ಗುಂಡುಬಂಡೆಗಳ ಸಂದಿನಲ್ಲಿ ನುಗ್ಗಿ ಮಡುವಿಗೆ ಬೀಳುತ್ತದೆ. ಎಲ್ಲ ವರ್ಷವೂ ಅಲ್ಲಿ ಆಡು ಮೇಯುತ್ತಿದ್ದವು. ಆವತ್ತು ಅದರ ತುಂಬ ಬೆಳ್ಳಗೆ ನೊರೆ.

"ಇಡೀ ಕೆರೇನೇ ಸುತ್ತಿದ್ದೀವಿ. ಇದೇನು ಮಹಾ!" ಎಂದಳು ಅಕ್ಕ.

ಹಳ್ಳಕ್ಕೆ ಇಳಿದ ತಕ್ಷಣ ತೆಪ್ಪ ತಾನಾಗಿಯೇ ಓಡಿತು. ಮಟ್ಟೆಯಿಂದ ಬಂಡೆಯನ್ನು ತಳ್ಳುತ್ತ, ಕಿರುಚುತ್ತ, ಮುಖಕ್ಕೆ ರಾಚಿದ ನೀರು ಕುಡಿಯುತ್ತ ಇಳಿದೆವು. ಅಂಥ ಸಂತೋಷ ನನಗೆ ಆಮೇಲೆ ಯಾವತ್ತೂ ಸಿಗಲಿಲ್ಲ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಆ ಎರಡು ಗುಂಡುಗಳ ಸಂದು ಕಂಡಿತು. ಒಳಗೆ ಕತ್ತಲೆ. ಸ್ವಲ್ಪ ನಿಲ್ಲಿಸಿ ದಾರಿ ನೋಡೋಣ ಅನ್ನಿಸಿತು. ಕೆರೆಯಲ್ಲಿ ಮಾಡುತ್ತಿದ್ದಂತೆಯೇ ಮಟ್ಟೆಯನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡೆ.

ತೆಪ್ಪ ನಿಲ್ಲಲಿಲ್ಲ. ಅಡ್ಡ ತಿರುಗಿ ಗುಂಡುಬಂಡೆಗೆ ಬಡಿಯಿತು. ತಟ್ಟೆಯ ಅಂಚು ಹಿಡಿದಿದ್ದ ಅಕ್ಕನ ಬಲಗೈ ತಟ್ಟೆಗೂ ಬಂಡೆಗೂ ನಡುವೆ ಸಿಕ್ಕಿಕೊಂಡಿತು. ಇಬ್ಬರೂ ಮಡುವಿಗೆ ಬಿದ್ದು, ಎದೆಮಟ್ಟದ ನೀರಿನಲ್ಲಿ ಎದ್ದು ನಿಂತೆವು. ನನಗೆ ತರಚಿದ ಗಾಯವೂ ಆಗಿರಲಿಲ್ಲ.

"ಏರಿ ಮೇಲಿಂದ ಬಿದ್ದೆ ಅಂತೀನಿ. ನೀನು ಬಾಯಿ ಬಿಡ್ಬೇಡ," ಎಂದು ಅವಳು ಕೈಗೆ ದಾವಣಿ ಸುತ್ತಿಕೊಂಡಳು.

ಅಮ್ಮ "ಅಯ್ಯೋ ನಾ ತಲ್ಲೇ, ನನ್ನ ತಾಯೇ!" ಎಂದು ಎದೆ ಬಡಿದುಕೊಂಡಳು. ನಾಟಿ ವೈದ್ಯರು ಕಟ್ಟು ಹಾಕಿದರು. ಕಟ್ಟು ಬಿಚ್ಚಿದಾಗ ಎರಡು ಬೆರಳು ಸೊಟ್ಟಗೆ ಉಳಿದಿದ್ದವು.

ಅಕ್ಕ ಹೂ ಕಟ್ಟುವುದರಲ್ಲಿ ಊರಿಗೇ ಹೆಸರಾದವಳು. ಅವಳ ಕೈಯ ಕನಕಾಂಬರದ ದಂಡೆಯಲ್ಲಿ ದಾರ ಹುಡುಕಿದರೂ ಸಿಗುತ್ತಿರಲಿಲ್ಲ. ಆ ಕೆಲಸ ಈಗ ನನ್ನ ಪಾಲಿಗೆ ಬಂತು. ನನ್ನ ದಂಡೆಯಲ್ಲಿ ಹೂವಿಗಿಂತ ದಾರವೇ ಜಾಸ್ತಿ. ಅಮ್ಮ ಬೈಯುತ್ತಿದ್ದಳು, ಪಕ್ಕದ ಮನೆಯವರು ನಗುತ್ತಿದ್ದರು. ಅಕ್ಕ ಮಾತ್ರ ಎದುರು ಕುಳಿತು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಅವಳ ಮದುವೆಯ ದಿನ ಅವಳ ಜಡೆಗೆ ನಾನು ಕಟ್ಟಿದ ದಂಡೆ ಧಾರೆಗೆ ಮುಂಚೆಯೇ ಉದುರಿತು. ಆಗಲೂ ಏನೂ ಅನ್ನಲಿಲ್ಲ. ಮಟ್ಟೆ ಮಡಿಲಿಗಿಟ್ಟುಕೊಂಡವಳು ನಾನು ಎಂದು ಹೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೆ. ಹೇಳಿದರೆ ಅಕ್ಕನೇ ಕೈತಪ್ಪಿಹೋಗುತ್ತಾಳೆ ಎಂಬ ಭಯಕ್ಕೆ ಮುಚ್ಚಿಕೊಂಡಿದ್ದೆ.

ಅಕ್ಕ ಫೋನ್ ಮಾಡಿ ಕರೆದ ಆ ಭಾನುವಾರ ಕೋಡಿಯ ಹತ್ತಿರ ಜಾತ್ರೆಗಿಂತ ಹೆಚ್ಚು ಜನ, ಎಲ್ಲರ ಕೈಯಲ್ಲೂ ಫೋನು. ನಾವಿಬ್ಬರೂ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಇಳಿದು, ಆ ಸಂದಿನ ಪಕ್ಕದ ಬಂಡೆಯ ಮೇಲೆ ಕುಳಿತೆವು. ನೀರು ಅದೇ ಸದ್ದು ಮಾಡುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಆವತ್ತು ಇಲ್ಲಿ ನಾನು ಮಟ್ಟೆ ಮಡಿಲಿಗಿಟ್ಕೊಂಡ್ಬಿಟ್ಟೆ. ಅದಕ್ಕೇ ನಿನ್ನ ಕೈ ಹೋಗಿದ್ದು."

"ಗೊತ್ತು ಕಣೇ. ನಿನ್ನ ಹಿಂದೇನೇ ಕೂತಿದ್ನಲ್ಲ."

"ಗೊತ್ತಾ?"

"ನೀನು ಇಟ್ಟಿದ್ದು ನೋಡಿ, ಸರಿ, ಇನ್ನು ನಿಲ್ಲುತ್ತೆ ಅಂತ ನಾನೂ ಇಟ್ಕೊಂಡೆ. ಇಲ್ದಿದ್ರೆ ತಟ್ಟೆ ಅಂಚು ಹಿಡ್ಕೊಳ್ಳೋಕೆ ನನಗೆ ಕೈ ಎಲ್ಲಿ ಖಾಲಿ ಇತ್ತು?"

ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು ನಾನು. ಇಷ್ಟು ವರ್ಷದಲ್ಲಿ ಇದೊಂದು ಹೊಳೆದಿರಲಿಲ್ಲ. ಅಕ್ಕ ನೀರನ್ನೇ ನೋಡುತ್ತ ಅಂದಳು: "ಕರ್ಕೊಂಡು ಹೋದೋಳು ನಾನು. ನಿನಗೇನಾದ್ರೂ ಆಗಿದ್ರೆ ಅಮ್ಮನ ಮುಖ ಹೇಗೆ ನೋಡ್ತಿದ್ದೆ? ಅದನ್ನೇ ನೆನೆಸ್ಕೊಂಡು ಎಷ್ಟು ಸಲ ಅತ್ತಿದ್ದೀನೋ. ಬೆರಳು ಏನು ಮಹಾ!"

ಇಬ್ಬರೂ ಮೂಗು ಒರೆಸಿಕೊಂಡೆವು. ಆಮೇಲೆ ಅವಳು ಚೀಲದಿಂದ ಬಿಡಿ ಕನಕಾಂಬರ ಮತ್ತು ದಾರದ ಉಂಡೆ ತೆಗೆದು ನನ್ನ ಮಡಿಲಿಗೆ ಸುರಿದಳು. "ಗಂಗಮ್ಮನಿಗೆ ಒಂದು ಮೊಳ ಕಟ್ಟು."

ಕಟ್ಟಿದೆ. ಅವಳು ಮೊದಲಿನಂತೆಯೇ ನನ್ನ ಬೆರಳುಗಳನ್ನು ನೋಡುತ್ತಿದ್ದಳು. ಅರ್ಧ ಮೊಳ ಆಗುವಷ್ಟರಲ್ಲಿ ದಂಡೆಯನ್ನು ಕಿತ್ತುಕೊಂಡು ಎತ್ತಿ ಹಿಡಿದಳು.

"ಥೂ, ಏನೇ ಇದು? ಬರೀ ದಾರ! ಬಿಚ್ಚು, ಬಿಚ್ಚು. ಇದನ್ನ ದೇವರಿಗೆ ಕೊಡ್ತಾರಾ?"

ಬದುಕಿನಲ್ಲಿ ಮೊದಲ ಸಲ ಅಕ್ಕ ನನ್ನ ಹೂವಿಗೆ ಬೈದಿದ್ದಳು. ನಾನು ನಗುತ್ತ, ಒಂದೊಂದೇ ಗಂಟು ಬಿಚ್ಚತೊಡಗಿದೆ.