ಗೌರಮ್ಮನವರ ಬೆನ್ನಿಗಂಟಿದ ನಂದಿಬಟ್ಟಲು

ನಮ್ಮ ಗುಬ್ಬಿ ಮನೆಯ ಹಿತ್ತಿಲಲ್ಲೊಂದು ನಂದಿಬಟ್ಟಲು ಗಿಡವಿತ್ತು. ಅದರ ಹೂವಿಗೆ ದೇವರ ತಲೆಯ ಹೊರತು ಇನ್ನಾರ ತಲೆಗೂ ಏರುವ ಯೋಗವಿರಲಿಲ್ಲ. ಅದನ್ನು ಚಿತ್ರಕ್ಕೇರಿಸುತ್ತೇನೆಂದು ಹೊರಟವಳು ನಾನು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ, ಬಿ.ಎ. ಮುಗಿಸಿ, ಮದುವೆಯಾಗುವವರೆಗೆ ಏನಾದರೂ ಮಾಡಬೇಕಲ್ಲ ಎಂದು, ಪ್ರತಿ ಶನಿವಾರ ತುಮಕೂರಿಗೆ ಹೋಗಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರ ಬಳಿ ತೈಲಚಿತ್ರ ಕಲಿಯುತ್ತಿದ್ದೆ.

"ಬಿಳೀನ ಬಿಳಿ ಬಣ್ಣ ತೋರ್ಸೋದಿಲ್ಲ ಕಣಮ್ಮ, ಪಕ್ಕದಲ್ಲಿರೋ ಕತ್ಲೆ ತೋರ್ಸುತ್ತೆ. ಮೊದ್ಲು ಕಪ್ಪು ಬಳಿ," ಎಂದರು ಮೇಷ್ಟ್ರು.

ಬಳಿದೆ. ಹಲಗೆಯ ತುಂಬ ಕಪ್ಪು ಒಣಗಿ ನಿಂತಿತು. ಹೂವಿಗೆ ಬರುವ ಹೊತ್ತಿಗೆ ಬಣ್ಣ ಕಲಸುವ ಅಗಸೆ ಎಣ್ಣೆಯ ಸೀಸೆ ಖಾಲಿ. ಅಮ್ಮ ಅಡುಗೆಮನೆಯಿಂದ ಹರಳೆಣ್ಣೆ ತಂದುಕೊಟ್ಟಳು. "ಎಣ್ಣೆ ಅಂದ್ರೆ ಎಣ್ಣೆ ಕಣೇ, ಅದ್ರಲ್ಲೇನು ಜಾತಿ?"

ಜಾತಿ ಇತ್ತು, ನೋಡಿ. ಅಗಸೆ ಎಣ್ಣೆ ಒಣಗುತ್ತದೆ, ಹರಳೆಣ್ಣೆ ಒಣಗುವುದಿಲ್ಲ. ಮೂರು ತಿಂಗಳು ಕಳೆದರೂ ನನ್ನ ಹೂಗಳು ಆಗತಾನೆ ಅರಳಿದಂತೆ ಒದ್ದೆಯಾಗಿಯೇ ಇದ್ದವು. ನಿಜವಾದ ಹೂವಿನದು ಬಾಡುವ ಚಿಂತೆಯಾದರೆ ನನ್ನದು ಬಾಡದಿರುವ ಚಿಂತೆ.

ಅಷ್ಟರಲ್ಲಿ ಕುಣಿಗಲ್ಲಿನಿಂದ ನನ್ನನ್ನು ನೋಡಲು ಬಂದರು. ಹುಡುಗ ಸದಾಶಿವ, ಲೆಕ್ಕದ ಮೇಷ್ಟ್ರು. ಜೊತೆಗೆ ಅವರನ್ನು ಸಾಕಿ ಬೆಳೆಸಿದ ಸೋದರತ್ತೆ ಗೌರಮ್ಮನವರು. ಹಿಂದಿನ ಎರಡು ಸಂಬಂಧ ತಪ್ಪಿಹೋಗಿದ್ದರಿಂದ ಅಪ್ಪನಿಗೆ ಆತಂಕ. ಮಗಳ ಕೈಚಳಕ ಕಾಣಲೆಂದು ಚಿತ್ರವನ್ನು ಬೆಂಚಿನ ಮೇಲೆ ಗೋಡೆಗೆ ಒರಗಿಸಿ, ಕುರ್ಚಿ ತರಲು ಪಕ್ಕದ ಮನೆಗೆ ಓಡಿದರು. ತರುವಷ್ಟರಲ್ಲಿ ಗೌರಮ್ಮನವರು ಆ ಬೆಂಚಿನಲ್ಲೇ ಕುಳಿತು, ಆರಾಮವಾಗಿ ಹಿಂದಕ್ಕೆ ಒರಗಿದ್ದರು.

ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದೆ. ಅವರು ತಟ್ಟೆ ತೆಗೆದುಕೊಳ್ಳಲು ಮುಂದಕ್ಕೆ ಬಾಗಿದರು. ಹಲಗೆಯ ಮೇಲೆ ಬರೀ ಕತ್ತಲೆ ಉಳಿದಿತ್ತು. ಹೂಗಳೆಲ್ಲ ಅವರ ಕಡುನೇರಳೆ ರೇಷ್ಮೆ ಸೀರೆಗೆ ಹೋಗಿ, ನನ್ನ ಚಿತ್ರದಲ್ಲಿದ್ದುದಕ್ಕಿಂತ ಚೆನ್ನಾಗಿ ಅರಳಿದ್ದವು!

ಅಪ್ಪ ಕಂಡರು, ಕುರ್ಚಿ ಹಿಡಿದೇ ನಿಂತುಬಿಟ್ಟರು. ಅಮ್ಮ ಕಂಡಳು, "ಇನ್ನೊಂಚೂರು ಹಾಕಿಸ್ಕೊಳಿ" ಎಂದು ಉಪ್ಪಿಟ್ಟು ಬಡಿಸಿದಳು. ಪಕ್ಕದಲ್ಲಿದ್ದ ಸದಾಶಿವರೂ ಕಂಡರು. ಕಣ್ಣಲ್ಲಿ ನಗು ತುಂಬಿಕೊಂಡು ಸೂರು ನೋಡತೊಡಗಿದರು. ಸುಮ್ಮನಿದ್ದರೆ ಸಂಬಂಧ ಉಳಿದೀತು. ಆದರೆ ಆ ಹೆಂಗಸು ಹೀಗೆಯೇ ಬಸ್ಸು ಹತ್ತಬೇಕಲ್ಲ! ನನಗೆ ತಡೆಯಲಾಗಲಿಲ್ಲ.

"ಅಮ್ಮಾರೇ, ನಿಮ್ ಬೆನ್ಮೇಲೆ ನನ್ ಹೂವಿದೆ."

ಅಮ್ಮ ಸೀಮೆಎಣ್ಣೆ ತರಲು ಓಡಿದಳು. ಗೌರಮ್ಮನವರು ಸೆರಗನ್ನು ಮುಂದಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿ, "ಯಾರೂ ಮುಟ್ಬ್ಯಾಡಿ" ಎಂದರು. ಅಷ್ಟೇ ಹೇಳಿ ಹೊರಟುಹೋದರು. ಹೆಣ್ಣು ನೋಡಲು ಬಂದವರು ಎಣ್ಣೆ ನೋಡಿ ಹೋದರೆಂದು ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತರು. ಆ ವಾರವೆಲ್ಲ ನಾನು ಕುಂಚ ಮುಟ್ಟಲಿಲ್ಲ.

ಮುಂದಿನ ಭಾನುವಾರ ಅತ್ತೆ, ಸೋದರಳಿಯ ಇಬ್ಬರೂ ಮತ್ತೆ ಬಾಗಿಲಲ್ಲಿ. ಗೌರಮ್ಮನವರ ಕಂಕುಳಲ್ಲಿ ಅದೇ ಸೀರೆ.

"ಬಸ್‌ಸ್ಟ್ಯಾಂಡಲ್ಲಿ ಮೂವರು ಕೇಳಿದ್ರು ಕಣವ್ವ, ಈ ಸೀರೆ ಎಲ್ಲಿ ತಗಂಡ್ರಿ ಅಂತ. ಎಡಗಡೆ ಎರಡು ಹೂವು ಅರೆಬರೆ ಆಗವೆ. ಅದೊಂದಿಷ್ಟು ತುಂಬ್ಕೊಡು."

ಪಡಸಾಲೆಯಲ್ಲಿ ಸದಾಶಿವರು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. ನಾನು ಎಸಳು ತುಂಬಿದೆ. ಅವರ ಹೆಬ್ಬೆರಳಿಗೆ ಬಿಳಿ ಮೆತ್ತಿತು, ಒರೆಸಿಕೊಳ್ಳಲಿಲ್ಲ.

"ಇದು ಒಣಗೋಕೆ ಎಷ್ಟು ದಿನ ಬೇಕು?" ಎಂದು ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ. ಒಣಗದೇನೂ ಇರಬಹುದು."

"ಹಂಗಾದ್ರೆ ಆಗಾಗ ಬಂದು ನೋಡ್ಕೊಂಡು ಹೋಗ್ಬೇಕಾಗುತ್ತೆ."

ಒಳಗೆ ಅಮ್ಮ ಕುಕ್ಕರಿಗೆ ಇನ್ನೊಂದು ಪಾವು ಅಕ್ಕಿ ಸುರಿಯುವುದು ಕೇಳಿಸಿತು.