ಬುರುಜಿನ ಮೇಲಿನ ಸಾಸಿವೆ

ಸ್ವೀಡನ್ ಎಂಬ ದೇಶದ ಹೆಸರು ನಾನು ಮೊದಲು ಕೇಳಿದ್ದು ಸ್ಯಾನ್ ಡಿಯಾಗೋದಲ್ಲಿ, ಮಗಳ ಅಡುಗೆಮನೆಯಲ್ಲಿ. ಮೊಮ್ಮಗಳ ಶಾಲೆಯಲ್ಲಿ ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದು ಕೋಟೆ ಹಂಚಿದ್ದರು. ಅದನ್ನು ಕಟ್ಟಿ ತಂದು, ಶುಕ್ರವಾರ ಎಲ್ಲರೆದುರು ನಿಂತು ಅದರ ಕತೆ ಹೇಳಬೇಕು. ನಮ್ಮವಳಿಗೆ ಬಂದದ್ದು ಸ್ವೀಡನ್ನಿನ ಹಳ್ಳಿಗಾಡಿನ ಕೋಟೆ, ಕೆರೆ ದಂಡೆಯದು.

ಕೋಟೆ ಅಂದದ್ದೇ ತಡ, ನನ್ನ ಕೈ ಸುಮ್ಮನಿರಲಿಲ್ಲ. ನಮ್ಮ ಬೆಳಗಾವಿ ಕಡೆ ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟುತ್ತವೆ. ನನ್ನ ಕಿಲ್ಲೆ ನೋಡಲು ಬೇರೆ ಓಣಿಯವರು ಬರುತ್ತಿದ್ದರು. ಶಾಲೆ ಬೇಗ ಬಿಟ್ಟೆ, ಕಿಲ್ಲೆ ಬಿಡಲಿಲ್ಲ. ಅಳಿಯ ಅಂಗಡಿಯಿಂದ ಮಣ್ಣಿನ ಚೀಲ ಹೊತ್ತು ತಂದ.

ಮಗಳು ಕಂಪ್ಯೂಟರ್ ನೋಡಿ ಕನ್ನಡದಲ್ಲಿ ಹೇಳುತ್ತಿದ್ದಳು, ನಾನೂ ಮೊಮ್ಮಗಳೂ ಕಟ್ಟುತ್ತಿದ್ದೆವು. ನಾಲ್ಕು ಮೂಲೆಗೆ ನಾಲ್ಕು ದುಂಡು ಬುರುಜು, ಪಕ್ಕದಲ್ಲೊಂದು ಪುಟ್ಟ ಕೆರೆ. ಮೊದಲು ಕಟ್ಟಿಸಿದವನಿಗೆ ವೈರಿಗಳ ಭಯ. ಹಾಗಾಗಿ ಆಳು ಅಡ್ಡ ಮಲಗುವಷ್ಟು ದಪ್ಪ ಗೋಡೆ, ತೋಪಿನ ಬಾಯಿಗಷ್ಟೇ ಕಿಂಡಿ. ಕಾಳಗ ನಿಂತ ಮೇಲೆ ಅವನ ಮೊಮ್ಮಕ್ಕಳು ಅದೇ ಗೋಡೆ ಒಡೆದು ದೊಡ್ಡ ಕಿಟಕಿ ಇಡಿಸಿದರಂತೆ, ಚಳಿಗಾಲದ ಚೂರು ಬಿಸಿಲಾದರೂ ಒಳಗೆ ಬರಲಿ ಅಂತ. ಜಾಣ ಮೊಮ್ಮಕ್ಕಳು ಅಂದೆ. ಬಾಗಿಲನ್ನು ಮಾತ್ರ ನಮ್ಮ ಕಿಲ್ಲೆಯ ಹಾಗೆ ಮರೆಗೆ ತಿರುಗಿಸಿದ್ದೆ, ಆನೆ ನುಗ್ಗಬಾರದಲ್ಲ. ಅಲ್ಲೆಲ್ಲಿಯ ಆನೆ ಎಂದು ಮಗಳು ನಕ್ಕು ನೆಟ್ಟಗೆ ಮಾಡಿಸಿದಳು.

ಕಂಪ್ಯೂಟರಿನ ಚಿತ್ರದಲ್ಲಿ ಬುರುಜುಗಳ ನೆತ್ತಿ ಹಸಿರಾಗಿತ್ತು. ಕಿಲ್ಲೆಯ ಮೇಲೆ ನಾವು ಸಾಸಿವೆ ಬಿತ್ತುತ್ತೇವೆ, ಹಬ್ಬದ ಹೊತ್ತಿಗೆ ಹಸಿರೇಳುತ್ತದೆ. ಆ ಜನರೂ ಹಾಗೇ ಮಾಡಿರಬೇಕು ಅಂದುಕೊಂಡು, ಸೋಮವಾರ ಮೊಮ್ಮಗಳು ಶಾಲೆಗೆ ಹೋದಾಗ ನಾಲ್ಕೂ ನೆತ್ತಿಗೆ ಸಾಸಿವೆ ಒತ್ತಿ ನೀರು ಚಿಮುಕಿಸಿದೆ.

ಸಂಜೆ ಅವಳು ಹಸಿರು ಬಣ್ಣದ ಡಬ್ಬಿ ಹಿಡಿದು ಬಂದಳು. ಚಿತ್ರದಲ್ಲಿದ್ದ ಆ ಹಸಿರು ತಾಮ್ರದ ತಗಡಿನ ಮಾಡಂತೆ, ಗಾಳಿ ಮಳೆಗೆ ಹಸಿರು ತಿರುಗಿದ್ದಂತೆ. ಅಷ್ಟರಲ್ಲಿ ಒಂದು ಬುರುಜು ನೆನೆದು ಕೆರೆ ಕಡೆ ವಾಲಿತ್ತು. ಇಂಗ್ಲಿಷಿನಲ್ಲಿ ಏನೋ ಅಂದು ಕೋಣೆಗೆ ಹೋದಳು. ಏನಂದಳು ಎಂದು ಮಗಳನ್ನು ಕೇಳಿದರೆ, ಬಿಡಮ್ಮ ಅಂದಳು.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೂರು ನೆತ್ತಿಯ ಸಾಸಿವೆ ಕೆರೆದು ತೆಗೆದೆ. ವಾಲಿದ್ದನ್ನು ಮುಟ್ಟಲು ಧೈರ್ಯ ಬರಲಿಲ್ಲ, ಒಂದು ಚಮಚ ಆನಿಸಿಟ್ಟೆ. ಸಾರು ಕುದಿಯಲು ಇಟ್ಟು ಹೋಗಿ ನೋಡುವುದು, ಸ್ನಾನಕ್ಕೆ ಹೊರಟವಳು ತಿರುಗಿ ಬಂದು ನೋಡುವುದು. ಮೊಮ್ಮಗಳು ಮೂರಕ್ಕೂ ಬಣ್ಣ ಬಳಿದಳು. ನಾಲ್ಕನೆಯದರಲ್ಲಿ ಬಿಳಿ ಮೊಳಕೆ ಇಣುಕಿತು. ಕೀಳಲೇನವ್ವಾ ಎಂದು ಕೇಳಿದರೆ ಭುಜ ಕುಣಿಸಿದಳು. ಬೇಕು ಅಂತಲೋ ಬೇಡ ಅಂತಲೋ, ಯಾರಿಗೆ ಗೊತ್ತು.

ಶುಕ್ರವಾರ ಶಾಲೆಗೆ ಮನೆಯವರೂ ಹೋಗಬಹುದಿತ್ತು. ತರಗತಿಯ ಹಿಂದಿನ ಗೋಡೆಗೆ ಒರಗಿ ನಿಂತು ಸೆರಗಿನ ತುದಿ ಸುತ್ತುತ್ತಲೇ ಇದ್ದೆ. ಮೊಮ್ಮಗಳ ಬೆರಳು ಗೋಡೆ, ಕಿಂಡಿ, ಕಿಟಕಿ ತೋರಿಸುತ್ತಾ ಹೋಯಿತು. ಮಾತು ತಿಳಿಯದಿದ್ದರೂ ಕತೆ ತಿಳಿಯಿತು. ಟೀಚರ್ ವಾಲಿದ ಬುರುಜಿನ ಕಡೆ ಕೈ ಮಾಡಿ ಏನೋ ಕೇಳಿದರು. ಅದರ ಮೇಲೇಕೆ ಗಿಡ ಅಂತ, ಎಂದು ಮಗಳು ಪಿಸುಗುಟ್ಟಿದಳು.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಸೀದಾ ನನ್ನನ್ನು ನೋಡಿದಳು.

"ಮೂರು ಸ್ವೀಡನ್ನಿಂದು. ಒಂದು ನಮ್ಮ ಅಜ್ಜಿದು."

ಆಮೇಲೆ ಅದನ್ನೇ ಟೀಚರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಮಕ್ಕಳೆಲ್ಲ ತಿರುಗಿ ನನ್ನನ್ನು ನೋಡಿದವು. ಇಷ್ಟು ಖುಷಿಯನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯದೆ ನಾನು ಎಲ್ಲರಿಗೂ ಕೈ ಮುಗಿದೆ. ಕಣ್ಣು ಮಾತ್ರ ಬುರುಜಿನ ಮೇಲೇ. ಎಳೆ ಸಾಸಿವೆ ಬಾಡಿತ್ತು. ನೀರು ಹಾಕೋಣವೆಂದರೆ ಬುರುಜು ಬಿದ್ದೀತು.