ಕಂಬಳಿ ಹೊದ್ದ ಮನೆ

ಬಸ್ಸಿನ ಬೋರ್ಡು ಮರಾಠಿ, ಚೀಟಿ ಮರಾಠಿ, ಕಂಡಕ್ಟರನ ಸಿಡುಕೂ ಮರಾಠಿ. ಮೈಸೂರಿನಿಂದ ಹೊರಟ ನಾನು ಯಾವುದೋ ದೇಶಕ್ಕೆ ಬಂದಿಳಿದಂತಿತ್ತು. ಆಗ ಪಕ್ಕದ ಮುದುಕಿ ಸರಿದು ಕೂತು, “ಕುಂದ್ರವಾ, ನಿಂತು ಕಾಲು ಸೋತಿರ್ತಾವ” ಎಂದಳು. ಅದು ಕನ್ನಡವೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

ಅರವತ್ತರ ದಶಕದ ಕೊನೆ. ಗಂಡನಿಗೆ ಮಹಾರಾಷ್ಟ್ರದ ಗಡಿಯ ಹಳ್ಳಿ ದರಿಬಡಚಿಯಲ್ಲಿ ಕೆಲಸ, ನನಗೆ ಬಾಲವಾಡಿ. ನಮ್ಮ ಕಡೆಯ ಶಿಶುವಿಹಾರಕ್ಕೆ ಇಲ್ಲಿ ಆ ಹೆಸರು, ಪಾಠ ಹೇಳುವವಳಿಗೆ ‘ಬಾಯಾರು’. ನಮ್ಮಲ್ಲಿ ಆಕಾಶವನ್ನು ಮರಗಳ ಸಂದಿಯಲ್ಲಿ ಹುಡುಕಬೇಕು. ಇಲ್ಲಿ ಅದು ಹೊಸ್ತಿಲಿಗೇ ಬಂದು ನಿಲ್ಲುತ್ತಿತ್ತು. ನನಗೆ ಭಯವಾಗುತ್ತಿತ್ತು. ಟ್ರಂಕಿನಲ್ಲಿ ಅಮ್ಮನ ಹಳೆಯ ಸೀರೆಯೊಂದಿತ್ತು. ಮೂಗಿಗೆ ಹಿಡಿದರೆ ಮೈಸೂರು. ವಾಸನೆ ಹೋದೀತೆಂದು ಅದನ್ನು ಉಡುತ್ತಲೇ ಇರಲಿಲ್ಲ.

ವಾರಕ್ಕೊಂದು ವಿಷಯ ಹಿಡಿದು, ಹಾಡು, ಕಥೆ, ಚಿತ್ರ ಎಲ್ಲವನ್ನೂ ಅದರಿಂದಲೇ ಕಲಿಸಬೇಕೆಂದು ನನಗೆ ತರಬೇತಿಯಾಗಿತ್ತು. ಮಲ್ಲಿಗೆಯ ವಾರ ಮಾಡಲು ಹೋಗಿ ಸೋತೆ. ಇಲ್ಲಿ ಯಾರ ಅಂಗಳದಲ್ಲೂ ಅದು ಇರಲಿಲ್ಲ. ಮುಂದಿನ ವಾರ ‘ನನ್ನ ಮನೆ’ ಎಂದೆ. ಮನೆಯಿಂದ ಒಂದೊಂದು ವಸ್ತು ತನ್ನಿ, ನಾವೇ ಮನೆ ಕಟ್ಟೋಣ ಎಂದೆ. ಒಬ್ಬ ಸೌಟು ತಂದ, ಒಬ್ಬಳು ಮೊರ. ತಿಂಗಳುಗಟ್ಟಲೆ ತುಟಿ ಬಿಚ್ಚದ ಮಾಯವ್ವ, ಕುರಿಗಾರರ ಮಗಳು, ದೊಡ್ಡ ಕಂಬಳಿಯನ್ನು ಎಳೆದುಕೊಂಡು ಬಂದಳು. ಅಂಗಳದಲ್ಲಿ ನಾಲ್ಕು ಕೋಲು ನೆಟ್ಟು ಹೊದಿಸಿದೆವು. ಮಕ್ಕಳೆಲ್ಲ ಒಳಗೆ ನುಗ್ಗಿದರು.

ಮಧ್ಯಾಹ್ನ ಅವಳ ಅಪ್ಪ ಬಂದ. ಕುರಿಗಳೊಂದಿಗೆ ಮೇವಿನ ನಾಡಿಗೆ ಹೊರಡುವ ದಿನವಂತೆ ಅದು. ಮಂದೆ ಆಗಲೇ ಮುಚ್ಚಂಡಿಯ ದಾರಿ ಹಿಡಿದಿತ್ತು. ಮುಂದಿನ ನಾಲ್ಕು ತಿಂಗಳು ಆ ಕಂಬಳಿಯೇ ಅವರ ಸೂರು. ಹುಡುಗಿ ಒಂದು ವಸ್ತುವನ್ನಲ್ಲ, ಮನೆಯನ್ನೇ ತಂದಿದ್ದಳು. ನಾಚಿಕೆಯಿಂದ ಅದನ್ನು ಎಳೆಯಲು ಓಡಿದೆ. ಆತ ಕೈ ಅಡ್ಡ ಹಿಡಿದ.

“ತಡೀರಿ ಬಾಯಾರ. ಒಳಗ ಮಂದಿ ಇದ್ದಾಗ ಮನಿ ಕೀಳಬಾರ್ದು.”

ಕೊನೆಯ ಮಗು ಹೊರಬರುವವರೆಗೆ ಬಾಲವಾಡಿಯ ಹೊಸ್ತಿಲ ಮೇಲೆ ಕಾದು ಕುಳಿತ. ಆಮೇಲೆ ಕಂಬಳಿ ಮಡಚಿ ಹೆಗಲಿಗೇರಿಸಿದ. ಮಾಯವ್ವ ಬೋಳು ಕೋಲುಗಳನ್ನು ನೋಡಿ, ಮೊದಲ ಸಲ ಬಾಯಿ ಬಿಟ್ಟಳು: “ಬಾಯಾರ, ನಿಮ್ಮ ಮನಿಯಿಂದ ನೀವೇನ ತಂದ್ರಿ?”

ಮರುದಿನ ಟ್ರಂಕು ತೆಗೆದು, ಅಮ್ಮನ ಸೀರೆಯನ್ನು ಕೋಲುಗಳಿಗೆ ಹೊದಿಸಿದೆ. ಹೊದಿಸುವಾಗ ಅತ್ತುಬಿಟ್ಟೆ.

ಮಳೆ ಬೀಳುವ ಹೊತ್ತಿಗೆ ಮಾಯವ್ವ ಬಂದಳು. ಸೀರೆ ಅಷ್ಟರಲ್ಲಿ ಮಾಸಿತ್ತು, ಮೈಸೂರಿನ ವಾಸನೆ ಎಂದೋ ಹೋಗಿತ್ತು. ಅವಳು ಒಳಗೆ ತೆವಳಿ, “ಬರ್ರಿ, ಜಾಗಾ ಐತಿ” ಎಂದು ಕರೆದಳು. ಬಗ್ಗಿ ನುಸುಳಿದೆ. ತಲೆ ಅಮ್ಮನ ಸೆರಗಿನಡಿ ಸೇರಿತು; ಕಾಲೆರಡೂ ಹೊರಗೆ, ದರಿಬಡಚಿಯ ಒದ್ದೆ ಮಣ್ಣಿನಲ್ಲೇ ಉಳಿದವು.